ಸೇವೆಗೆ ಬಂದವರಿಗೆ ಎಚ್‌ಆರ್ ಯಾಕೆ? ಎನ್‌ಜಿಒ ಕೆಲಸಕ್ಕೆ ಹೊರಟವರೊಬ್ಬರಿಗೆ ಉತ್ತರ

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ಎಂಟು ವರ್ಷದಿಂದ ಇದ್ದೇನೆ. ಈಗ ಒಂದು ಸ್ವಯಂಸೇವಾ ಸಂಸ್ಥೆಯಿಂದ ‘ಎಚ್‌ಆರ್ ಪಾರ್ಟ್ನರ್’ ಹುದ್ದೆಗೆ ಕರೆ ಬಂದಿದೆ. ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಶಾಲೆ ಮತ್ತು ತಾಯಿ-ಮಗುವಿನ ಆರೋಗ್ಯದ ಕೆಲಸ ಮಾಡುವ ಸಂಸ್ಥೆ. ಸುಮಾರು 140 ಜನ ಇದ್ದಾರೆ, ಹೆಚ್ಚಿನವರು ಫೀಲ್ಡ್‌ನಲ್ಲಿ. ಸಂಬಳ ಈಗಿನದಕ್ಕಿಂತ ಕಡಿಮೆ. ಅಪ್ಪ ಕೇಳುತ್ತಾರೆ, “ಅಲ್ಲಿರೋರೆಲ್ಲ ಸೇವೆ ಮಾಡೋಕೆ ಬಂದವರು, ಅವರಿಗೆ ಎಚ್‌ಆರ್ ಯಾಕೆ?” ಅಂತ. ನನಗೂ ಉತ್ತರ ಹೊಳೆಯಲಿಲ್ಲ. ಆ ಹುದ್ದೆಯಲ್ಲಿ ನಿಜವಾಗಿ ಏನು ಕೆಲಸ ಇರುತ್ತದೆ? ನಾನು ಹೋಗಬಹುದಾ?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಇಪ್ಪತ್ತು ವರ್ಷದಿಂದ ನಾನು ಇಂಥ ಸಂಸ್ಥೆಗಳಲ್ಲೇ ಎಚ್‌ಆರ್ ಕೆಲಸ ಮಾಡುತ್ತಿದ್ದೇನೆ. ‘ಸೇವೆಗೆ ಬಂದವರು’ ಅನ್ನುವ ಮಾತನ್ನು ಹೊರಗಿನವರಿಗಿಂತ ಒಳಗಿನವರ ಬಾಯಲ್ಲೇ ಜಾಸ್ತಿ ಕೇಳಿದ್ದೇನೆ. ಪಿಎಫ್ ಯಾಕೆ ಕಟ್ಟಿಲ್ಲ ಅಂತ ಕೇಳಿದರೆ ಈ ಮಾತು ಬರುತ್ತದೆ. ಭಾನುವಾರ ಊರಿನ ಸಭೆ ನಡೆಸಿಕೊಟ್ಟವರಿಗೆ ಬದಲಿ ರಜೆ ಯಾಕಿಲ್ಲ ಅಂದರೆ ಮತ್ತೆ ಅದೇ ಮಾತು. ಹೇಳುವವರು ಕೆಟ್ಟವರಲ್ಲ. ಎಷ್ಟೋ ಸಲ ಅವರೇ ತಿಂಗಳುಗಟ್ಟಲೆ ಸಂಬಳ ಇಲ್ಲದೆ ಸಂಸ್ಥೆ ಕಟ್ಟಿದವರು. ಆದರೆ ತಾವು ಮನಸಾರೆ ಬಿಟ್ಟುಕೊಟ್ಟದ್ದನ್ನು ಎಲ್ಲರೂ ಬಿಟ್ಟುಕೊಡಲಿ ಅಂತ ಕಾಯುವಾಗ ತಪ್ಪಾಗುತ್ತದೆ. ದೇವದುರ್ಗದ ಕಡೆಯ ಹಳ್ಳಿಯಿಂದ ಬಂದು ತಿಂಗಳಿಗೆ 18 ಸಾವಿರಕ್ಕೆ ದುಡಿಯುವ ಹುಡುಗಿಗೆ ಈ ಕೆಲಸ ಸೇವೆಯೂ ಹೌದು, ಮನೆ ನಡೆಸುವ ದಾರಿಯೂ ಹೌದು. ತಮ್ಮನ ಕಾಲೇಜು ಫೀಸು, ತಾಯಿಯ ಔಷಧಿ ಎಲ್ಲ ಅದರಲ್ಲೇ ನಡೆಯಬೇಕು.

ಎಚ್‌ಆರ್ ಪಾರ್ಟ್ನರ್ ಅಂದರೆ ಈ ಎರಡನೆಯ ಮಾತನ್ನು, ಅಂದರೆ ಕೆಲಸ ಮನೆ ನಡೆಸುವ ದಾರಿಯೂ ಹೌದು ಅನ್ನುವುದನ್ನು, ಸಂಸ್ಥೆ ಮರೆಯದ ಹಾಗೆ ನೋಡಿಕೊಳ್ಳುವವರು. ಉಳಿದ ಕೆಲಸವೆಲ್ಲ ಅದರ ಹಿಂದೆ ಬರುತ್ತದೆ.

ನಿಮ್ಮ ಕಂಪನಿಯಲ್ಲೂ ‘ಬಿಸಿನೆಸ್ ಪಾರ್ಟ್ನರ್’ ಅಂತ ಇರುತ್ತಾರಲ್ವಾ? ಒಂದು ವಿಭಾಗದ ಮುಖ್ಯಸ್ಥರ ಜೊತೆ ಕೂತು, ಎಷ್ಟು ಜನ ಬೇಕು, ಯಾರು ಬಿಟ್ಟು ಹೋಗಬಹುದು, ಯಾರನ್ನು ಬೆಳೆಸಬೇಕು ಅಂತ ಯೋಚಿಸುವವರು. ಸಂಬಳ ಪಟ್ಟಿ, ರಜೆ ಲೆಕ್ಕ ನೋಡಲು ಬೇರೆ ತಂಡ ಇರುತ್ತದೆ. ಇಲ್ಲಿ ಆ ಬೇರೆ ತಂಡ ಇರುವುದಿಲ್ಲ. ಪಿಎಫ್ ಹಣ 15ನೇ ತಾರೀಖಿನೊಳಗೆ ಕಟ್ಟಿದರಾ ಅಂತ ನೋಡುವವರೂ ನೀವೇ, ಮುಂದಿನ ಮೂರು ವರ್ಷಕ್ಕೆ ಎಂಥ ಜನ ಬೇಕು ಅಂತ ನಿರ್ದೇಶಕರ ಜೊತೆ ಮಾತಾಡುವವರೂ ನೀವೇ. 140 ಜನರ ಸಂಸ್ಥೆಯಲ್ಲಿ ಹೆಚ್ಚೆಂದರೆ ಇನ್ನೊಬ್ಬರು ಸಹಾಯಕ್ಕೆ ಇರಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎನ್‌ಜಿಒದಲ್ಲಿ ಎಚ್‌ಆರ್‌ನ ಅತಿ ದೊಡ್ಡ ಕೆಲಸ ನಡೆಯುವುದು ನೇಮಕಾತಿಯಲ್ಲಿ ಅಲ್ಲ, ತರಬೇತಿಯಲ್ಲೂ ಅಲ್ಲ. ಫಂಡರ್‌ಗೆ, ಅಂದರೆ ಪ್ರಾಜೆಕ್ಟ್‌ಗೆ ದುಡ್ಡು ಕೊಡುವವರಿಗೆ, ಪ್ರಸ್ತಾವನೆ ಬರೆಯುವ ವಾರದಲ್ಲಿ. ಕಂಪನಿಯಲ್ಲಿ ದುಡ್ಡು ಒಂದೇ ದೊಡ್ಡ ಡಬ್ಬಿಯಲ್ಲಿ ಇರುತ್ತದೆ, ಅದರಿಂದ ಎಲ್ಲರಿಗೂ ಸಂಬಳ ಹೋಗುತ್ತದೆ. ಇಲ್ಲಿ ಹತ್ತು ಸಣ್ಣ ಡಬ್ಬಿಗಳು. ಒಂದೊಂದು ಪ್ರಾಜೆಕ್ಟ್‌ಗೂ ಒಬ್ಬೊಬ್ಬ ಫಂಡರ್, ಒಂದೊಂದು ಬಜೆಟ್. ಬಜೆಟ್ ಹಾಳೆಯಲ್ಲಿ ಸಾಲು ಇಲ್ಲದ ಖರ್ಚನ್ನು ಆಮೇಲೆ ಮಾಡಲು ಆಗುವುದಿಲ್ಲ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಹಣ), ಹೆರಿಗೆ ರಜೆಯ ಸಂಬಳ, ಅಪಘಾತ ವಿಮೆ, ಎಲ್ಲ ಹಾಗೇ. ಆ ಹಾಳೆ ಸಾಮಾನ್ಯವಾಗಿ ಕಾರ್ಯಕ್ರಮದವರು ಮತ್ತು ಅಕೌಂಟ್ಸ್‌ನವರು ರಾತ್ರಿ ಕೂತು, ಕೊನೇ ದಿನದ ಗಡಿಬಿಡಿಯಲ್ಲಿ ತುಂಬುತ್ತಾರೆ. ಒಟ್ಟು ಮೊತ್ತ ಜಾಸ್ತಿಯಾಯಿತು ಅಂದಾಗ ಮೊದಲು ಕತ್ತರಿ ಬೀಳುವುದು ಜನರ ಸಾಲಿಗೆ. ಆ ರಾತ್ರಿ ಅಲ್ಲಿ ನೀವು ಇರಬೇಕು.

ಒಂದು ಲೆಕ್ಕ ಮಾಡೋಣ. ಮೂಲ ವೇತನ 18,000 ಅಂತಿಟ್ಟುಕೊಳ್ಳಿ. ಪಿಎಫ್‌ಗೆ ವೇತನ ಮಿತಿ 15,000, ಅದರ ಮೇಲೆ ಸಂಸ್ಥೆಯ ಪಾಲು ಶೇ. 12, ಅಂದರೆ 1,800 ರೂಪಾಯಿ. ಗ್ರಾಚ್ಯುಟಿಗೆ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಇದು ಮೂಲ ವೇತನದ ಶೇ. 4.81 ಆಗುತ್ತದೆ, ಅಂದರೆ ತಿಂಗಳಿಗೆ ಸುಮಾರು 866. ಎರಡೂ ಸೇರಿ 2,666. ಒಬ್ಬರಿಗೆ ನೋಡಿದರೆ ಸಣ್ಣ ಮೊತ್ತ. 60 ಜನ ಫೀಲ್ಡ್ ಕಾರ್ಯಕರ್ತರಿಗೆ ವರ್ಷಕ್ಕೆ 19 ಲಕ್ಷ ದಾಟುತ್ತದೆ. ಇದು ಬಜೆಟ್‌ನಲ್ಲಿ ಇಲ್ಲದಿದ್ದರೆ ಏನಾಗುತ್ತದೆ? ಒಂದೋ ಸಂಸ್ಥೆ ಕಾನೂನು ತಪ್ಪುತ್ತದೆ, ಇಲ್ಲವೇ ಸಂಸ್ಥೆಯ ಪಾಲನ್ನೂ ಕಾರ್ಯಕರ್ತರ ಸಂಬಳದಲ್ಲೇ ಹಿಡಿಯುತ್ತಾರೆ. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ಗ್ರಾಚ್ಯುಟಿಯಲ್ಲಿ ಇನ್ನೊಂದು ಸಿಕ್ಕು ಇದೆ, ಇದನ್ನು ಕಂಪನಿಯಿಂದ ಬಂದವರು ತಕ್ಷಣ ಗಮನಿಸುವುದಿಲ್ಲ. ಒಬ್ಬಾಕೆ ಮೊದಲ ಮೂರು ವರ್ಷ ಪೌಷ್ಟಿಕಾಂಶದ ಪ್ರಾಜೆಕ್ಟ್‌ನಲ್ಲಿ ಇದ್ದಳು, ಆಮೇಲೆ ಎರಡು ವರ್ಷ ಶಾಲೆ ಪ್ರಾಜೆಕ್ಟ್, ಈಗ ನೀರಿನ ಪ್ರಾಜೆಕ್ಟ್. ಮೂರು ಫಂಡರ್‌ಗಳು, ಆದರೆ ಸಂಸ್ಥೆ ಒಂದೇ. ಹಾಗಾಗಿ ಅವಳ ಸೇವೆಯೂ ಒಂದೇ. ಏಳು ವರ್ಷ ತುಂಬಿ ಬಿಟ್ಟು ಹೋಗುವಾಗ ಏಳು ವರ್ಷದ ಗ್ರಾಚ್ಯುಟಿ ಕೊಡಬೇಕು. ನೀರಿನ ಪ್ರಾಜೆಕ್ಟ್‌ನವರು “ನಮ್ಮಲ್ಲಿ ಇದ್ದದ್ದು ಎರಡೇ ವರ್ಷ” ಅನ್ನುತ್ತಾರೆ, ಅದೂ ಸರಿಯೇ. ಮುಗಿದು ಹೋದ ಪ್ರಾಜೆಕ್ಟ್‌ಗಳಿಂದ ದುಡ್ಡು ಕೇಳಲು ಆಗುವುದಿಲ್ಲ. ಅದಕ್ಕೇ ಪ್ರತಿ ಪ್ರಾಜೆಕ್ಟ್ ನಡೆಯುತ್ತಿರುವಾಗಲೇ, ಪ್ರತಿ ವರ್ಷ ಆ ಪಾಲನ್ನು ತೆಗೆದಿಡಬೇಕು. ಎಲ್‌ಐಸಿಯ ಗುಂಪು ಗ್ರಾಚ್ಯುಟಿ ಯೋಜನೆಯಂಥದ್ದಕ್ಕೆ ಕಟ್ಟಿಬಿಟ್ಟರೆ ಆ ಹಣಕ್ಕೆ ಬೇರೆ ಯಾರೂ ಕೈ ಹಾಕುವುದಿಲ್ಲ. ನೀವು ಹೋದ ಮೊದಲ ತಿಂಗಳೇ ಕೇಳಬೇಕಾದ ಪ್ರಶ್ನೆ ಇದು: ಇವತ್ತಿನವರೆಗೆ ಸಂಸ್ಥೆ ಕೊಡಬೇಕಾದ ಗ್ರಾಚ್ಯುಟಿ ಒಟ್ಟು ಎಷ್ಟು, ಅದರಲ್ಲಿ ಎಷ್ಟು ಕಟ್ಟಿಟ್ಟಿದ್ದೀರಿ?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಿಂದ ಈ ಲೆಕ್ಕ ಇನ್ನೂ ಬಿಗಿಯಾಗಿದೆ. ನಿಗದಿತ ಅವಧಿಗೆ ನೇಮಕವಾದವರು ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಅರ್ಹರಾಗುತ್ತಾರೆ. ಎನ್‌ಜಿಒಗಳಲ್ಲಿ ಹೆಚ್ಚಿನ ನೇಮಕಾತಿ ಪ್ರಾಜೆಕ್ಟ್ ಅವಧಿಗೇ ಅಲ್ವಾ? ಹಾಗಾಗಿ ಇದು ನಮ್ಮ ಕ್ಷೇತ್ರಕ್ಕೆ ಬಹಳ ದೊಡ್ಡ ಬದಲಾವಣೆ. ಸಂಬಳವನ್ನು ಹತ್ತು ಭತ್ಯೆಗಳಾಗಿ ಒಡೆದು ಮೂಲ ವೇತನ ಕಡಿಮೆ ತೋರಿಸುವ ಅಭ್ಯಾಸಕ್ಕೂ ತಡೆ ಬಿದ್ದಿದೆ. ಒಟ್ಟು ಸಂಬಳದ ಅರ್ಧದಷ್ಟಾದರೂ ‘ವೇತನ’ ಅಂತಲೇ ಲೆಕ್ಕಕ್ಕೆ ಬರುತ್ತದೆ.

ಫಂಡರ್‌ಗಳು ಒಪ್ಪುತ್ತಾರಾ ಅಂತ ನೀವು ಕೇಳಬಹುದು. ಒಪ್ಪಿಸಬೇಕು, ಅದಕ್ಕೆ ನಿಯಮ ಗೊತ್ತಿರಬೇಕು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ತರುವಾಗ “ಆಡಳಿತ ಖರ್ಚು ಶೇ. 5 ಮೀರಬಾರದು, ಕಾನೂನಿದೆ” ಅಂತ ಹೇಳುವವರು ಈಗಲೂ ಸಿಗುತ್ತಾರೆ. ಆ ಶೇ. 5ರ ಮಿತಿ ಇರುವುದು ಸಿಎಸ್‌ಆರ್ ಕೊಡುವ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆ ಪ್ರಾಜೆಕ್ಟ್ ನಡೆಸಲು ಮಾಡುವ ಖರ್ಚು ಅದರಲ್ಲಿ ಬರುವುದಿಲ್ಲ. ಕಂಪನಿ ವ್ಯವಹಾರ ಸಚಿವಾಲಯ 2021ರ ಆಗಸ್ಟ್‌ನ ಸುತ್ತೋಲೆಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಆ ಸುತ್ತೋಲೆಯ ಪ್ರತಿ ನಿಮ್ಮ ಚೀಲದಲ್ಲಿರಲಿ.

ವಿದೇಶಿ ದೇಣಿಗೆಯ ವಿಷಯ ಬೇರೆ. ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದು ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಆಗ ಎಷ್ಟೋ ಸಂಸ್ಥೆಗಳು ಗಾಬರಿಯಾಗಿ, ಕಚೇರಿಯ ಜನರನ್ನೇ ಕಡಿಮೆ ಮಾಡಿದವು. ಆದರೆ ಎಲ್ಲ ಸಂಬಳವೂ ಆಡಳಿತ ಖರ್ಚಲ್ಲ. ಆಸ್ಪತ್ರೆಯ ವೈದ್ಯರು, ಶಾಲೆಯ ಶಿಕ್ಷಕರು, ಹೀಗೆ ಸಂಸ್ಥೆಯ ಉದ್ದೇಶಕ್ಕಾಗಿ ನೇರವಾಗಿ ದುಡಿಯುವವರ ಸಂಬಳವನ್ನು ನಿಯಮವೇ ಆ ಮಿತಿಯಿಂದ ಹೊರಗಿಟ್ಟಿದೆ. ಯಾರ ಸಂಬಳ ಯಾವ ಕಡೆಗೆ ಅನ್ನುವುದು ಅವರ ಉದ್ಯೋಗ ವಿವರಣೆಯಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ನಿಲ್ಲುತ್ತದೆ. ಆ ವಿವರಣೆ ಬರೆಯುವವರು ನೀವು. ಅವರು ನಿಜಕ್ಕೂ ಮಾಡುವ ಕೆಲಸವನ್ನೇ ಬರೆಯಬೇಕು, ಲೆಕ್ಕ ಹೊಂದಿಸಲು ಬರೆಯಬಾರದು. ಆಡಿಟರ್ ಜೊತೆ ಕೂತು ಒಬ್ಬೊಬ್ಬರದನ್ನೂ ನೋಡಬೇಕು.

ಹೆಸರುಗಳ ವಿಷಯದಲ್ಲೂ ಎಚ್ಚರ ಇರಲಿ. ನಮ್ಮಲ್ಲಿ ಸಂಬಳಕ್ಕೆ ‘ಗೌರವಧನ’ ಅನ್ನುವ ರೂಢಿ ಇದೆ. ಕೇಳಲು ಚೆನ್ನಾಗಿದೆ. ಆದರೆ ದಿನಾ ಹಾಜರಿ ಹಾಕಿ, ರಜೆ ಕೇಳಿ, ಮೇಲಿನವರ ಮಾತಿನಂತೆ ಕೆಲಸ ಮಾಡುವವರಿಗೆ ಕೊಡುವುದು ಸಂಬಳವೇ. ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವುದು ಗೌರವಧನ, ಹಾಗಾಗಿ ಗ್ರಾಚ್ಯುಟಿ ಇಲ್ಲ ಅಂತ ವಾದ ಇತ್ತು. ಗುಜರಾತಿನ ಒಂದು ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ, ಅವರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಅಂದಿತು. ಇದೇ ಥರದ ಇನ್ನೊಂದು ಹೆಸರು ‘ಕನ್ಸಲ್ಟೆಂಟ್’. ಹಳ್ಳಿ ಹಳ್ಳಿ ಸುತ್ತುವ ಕಾರ್ಯಕರ್ತೆಯನ್ನು ಕಾಗದದ ಮೇಲೆ ಕನ್ಸಲ್ಟೆಂಟ್ ಮಾಡಿ, ಶೇ. 10 ತೆರಿಗೆ (ಟಿಡಿಎಸ್) ಹಿಡಿದು, ಪಿಎಫ್ ಇಲ್ಲದೆ ವರ್ಷಗಟ್ಟಲೆ ದುಡಿಸಿದ ಕಡತಗಳು ನಿಮ್ಮ ಕೈಗೆ ಬಂದರೆ ಆಶ್ಚರ್ಯ ಬೇಡ. ಅದನ್ನು ಸರಿಪಡಿಸಲು ಒಂದು ಬಜೆಟ್ ವರ್ಷವೇ ಹಿಡಿಯುತ್ತದೆ. ಆದರೂ ಮಾಡಿ.

ಹೆರಿಗೆ ರಜೆಯೂ ಹೀಗೇ. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಫಂಡರ್ ಬಜೆಟ್‌ನಲ್ಲಿ ಆ ಹುದ್ದೆಗೆ ಒಂದೇ ಸಂಬಳ ಇರುತ್ತದೆ. ಅವಳಿಗೂ ಕೊಡಬೇಕು, ಬದಲಿಗೆ ಬಂದವರಿಗೂ ಕೊಡಬೇಕು. ದಾರಿ ಕಾಣದಾಗ “ಮಾರ್ಚ್‌ಗೆ ಒಪ್ಪಂದ ಮುಗಿಯುತ್ತಲ್ಲ, ಮತ್ತೆ ನವೀಕರಿಸುವುದು ಬೇಡ” ಅನ್ನುವ ಸಲಹೆ ಬರುತ್ತದೆ. ತಾಯಂದಿರ ಆರೋಗ್ಯಕ್ಕಾಗಿ ದುಡಿಯುವ ಸಂಸ್ಥೆ ತನ್ನ ಕಾರ್ಯಕರ್ತೆಗೇ ಹೀಗೆ ಮಾಡಿದ್ದನ್ನು ನೋಡಿ ನಾನು ಬಹಳ ನೊಂದಿದ್ದೇನೆ. ಆಗ ನಾನು ಕಿರಿಯಳು, ಸುಮ್ಮನಿದ್ದೆ. ಈಗ ನಾನಿರುವ ಕಡೆ ಎಲ್ಲ ಪ್ರಾಜೆಕ್ಟ್‌ಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಒಂದು ಬದಲಿ ನಿಧಿ ಮಾಡಿದ್ದೇವೆ. ನಿಮ್ಮ 140 ಜನರಲ್ಲಿ ವರ್ಷಕ್ಕೆ ಎಷ್ಟು ಹೆರಿಗೆ ಆಗಬಹುದು ಅಂತ ಅಂದಾಜು ಮಾಡುವುದು ಕಷ್ಟವೇನಲ್ಲ.

ಇನ್ನು ಫೀಲ್ಡ್. ರಾಯಚೂರು, ಯಾದಗಿರಿಯನ್ನು ನೀವು ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳಲು ಆಗುವುದಿಲ್ಲ. ತಿಂಗಳಿಗೆ ಒಂದು ವಾರವಾದರೂ ಲಿಂಗಸುಗೂರು, ಶಹಾಪುರ, ಸುರಪುರದ ಕಡೆ ಇರಬೇಕು. ಕಚೇರಿಯಲ್ಲಿ ಕೂತು ಸಭೆ ಮಾಡಿ ವಾಪಸ್ ಬಂದರೆ ಏನೂ ತಿಳಿಯುವುದಿಲ್ಲ. ಕಾರ್ಯಕರ್ತೆಯ ಜೊತೆ ಬಸ್‌ನಲ್ಲಿ ಹೋಗಿ, ಅವಳು ಇಳಿಯುವ ಕಡೆ ಇಳಿದು, ತಾಂಡಾದವರೆಗೆ ನಡೆಯಿರಿ. ಶೌಚಾಲಯ ಎಲ್ಲಿದೆ, ಮಧ್ಯಾಹ್ನದ ಬುತ್ತಿ ಎಲ್ಲಿ ಬಿಚ್ಚುತ್ತಾಳೆ, ಕೊನೇ ಬಸ್ ಎಷ್ಟು ಹೊತ್ತಿಗೆ ಅಂತ ನಿಮಗೇ ಕಾಣುತ್ತದೆ.

ನನ್ನ ಕಣ್ಣು ತೆರೆಸಿದ್ದು ಟಿಎ ಬಿಲ್, ಅಂದರೆ ಓಡಾಟದ ಖರ್ಚಿನ ಬಿಲ್. ಒಮ್ಮೆ ಒಬ್ಬ ಹುಡುಗ ಕೆಲಸ ಬಿಡುತ್ತೇನೆ ಅಂದ. ಒಳ್ಳೆಯ ಕೆಲಸಗಾರ, ಊರಿನವರಿಗೆಲ್ಲ ಬೇಕಾದವನು. ಕಾರಣ ಕೇಳಿದರೆ ಏನೇನೋ ಹೇಳಿದ. ಆಮೇಲೆ ಚಹಾ ಕುಡಿಯುವಾಗ ನಿಜ ಹೊರಗೆ ಬಂತು. ತಿಂಗಳಿಗೆ ಮೂರು ಸಾವಿರದ ಪೆಟ್ರೋಲನ್ನು ಕೈಯಿಂದ ಹಾಕಿಸುತ್ತಿದ್ದ. ಬಿಲ್ ಪಾಸಾಗಲು ಎರಡು ತಿಂಗಳು. ಅಂದರೆ ಯಾವಾಗ ನೋಡಿದರೂ ಅವನ ಆರು ಸಾವಿರ ಸಂಸ್ಥೆಯ ಹತ್ತಿರ ಇರುತ್ತಿತ್ತು. 18 ಸಾವಿರ ಸಂಬಳದವನು ಸಂಸ್ಥೆಗೆ ಸಾಲ ಕೊಟ್ಟು ನಡೆಸುತ್ತಿದ್ದ. ನಾವು ಅವನಿಗೆ ಪ್ರೇರಣಾ ಶಿಬಿರ ಮಾಡಿಸುವ ಯೋಚನೆಯಲ್ಲಿದ್ದೆವು! ತಿಂಗಳ ಮೊದಲೇ ಪೆಟ್ರೋಲ್ ಮುಂಗಡ ಕೊಡುವ ನಿಯಮ ಮಾಡಿದ ಮೇಲೆ ಅವನು ಉಳಿದ, ಇನ್ನೂ ನಾಲ್ಕು ಜನ ಉಳಿದರು.

ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ನಿಮ್ಮ ಕಾರ್ಯಕರ್ತರು ಮಾತ್ರ ಯಾಕೆ ಮಧ್ಯಾಹ್ನ ಮೂರಕ್ಕೆ ಬೈಕ್ ಮೇಲೆ ಇರಬೇಕು? ಬೆಂಗಳೂರಿನಲ್ಲಿ ಬರೆದ ನಿಯಮದಲ್ಲಿ 9:30ರಿಂದ 5:30 ಅಂತ ಇರುತ್ತದೆ, ಯಾರೂ ಬದಲಾಯಿಸಿರುವುದಿಲ್ಲ.

ಮಹಿಳೆಯರ ಸುರಕ್ಷತೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾನೂನನ್ನು ನೀವು ಕಂಪನಿಯಲ್ಲಿ ಓದಿದ್ದೀರಿ, ವರ್ಷಕ್ಕೊಮ್ಮೆ ಆನ್‌ಲೈನ್ ತರಬೇತಿಯನ್ನೂ ಮಾಡಿಸಿರುತ್ತೀರಿ. ಆ ಕಾನೂನಿನ ಬೇರು ಯಾವುದೋ ಕಚೇರಿಯಲ್ಲಿ ಇಲ್ಲ, ಹಳ್ಳಿಯಲ್ಲಿದೆ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿದ್ದವರು. ಇವತ್ತಿನ ನಮ್ಮ ಫೀಲ್ಡ್ ಕಾರ್ಯಕರ್ತೆಯರ ಹಾಗೇ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವರು ಅದನ್ನು ಅನುಭವಿಸಿದ್ದು ತಮ್ಮ ಕೆಲಸ ಮಾಡಿದ್ದಕ್ಕಾಗಿ. ಆ ಹಿನ್ನೆಲೆಯಲ್ಲೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟ್‌ಗೆ ಹೋದವು. 1997ರಲ್ಲಿ ವಿಶಾಖಾ ಮಾರ್ಗಸೂಚಿ ಬಂತು, 2013ರಲ್ಲಿ ಅದು ಕಾನೂನಾಯಿತು. ರಾಯಚೂರಿನಲ್ಲಿ ಬಾಲ್ಯವಿವಾಹದ ಬಗ್ಗೆ ಮಾತಾಡಲು ಮನೆ ಮನೆಗೆ ಹೋಗುವ ಹುಡುಗಿಯ ಎಚ್‌ಆರ್ ನೀವಾಗುತ್ತೀರಿ ಅಂದರೆ, ಈ ಕಾನೂನನ್ನು ಅವಳ ಕಾಲುದಾರಿಯವರೆಗೆ ತಲುಪಿಸುವುದು ನಿಮ್ಮ ಹೊಣೆ.

ಹತ್ತು ಅಥವಾ ಹೆಚ್ಚು ಜನರಿದ್ದ ಕಡೆ ಆಂತರಿಕ ಸಮಿತಿ ಬೇಕೇ ಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ದೂರು ಕೊಡಲು ಮೂರು ತಿಂಗಳು, ವಿಚಾರಣೆ ಮುಗಿಸಲು 90 ದಿನ. ಸಂಸ್ಥೆಯ ಮಾಲೀಕ ಸ್ಥಾನದಲ್ಲಿರುವವರ ಮೇಲೇ ದೂರಿದ್ದರೆ ಅದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಸ್ಥಾಪಕರೇ ಎಲ್ಲವೂ ಆಗಿರುವ ಸಂಸ್ಥೆಗಳಲ್ಲಿ ಈ ಕೊನೆಯ ಮಾತನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು. ಕೆಲಸಕ್ಕಾಗಿ ಹೋಗುವ ಹಳ್ಳಿ, ಸಂಸ್ಥೆಯ ಗಾಡಿ, ಎಲ್ಲವೂ ಕಾನೂನಿನ ಪ್ರಕಾರ ಕೆಲಸದ ಜಾಗವೇ. ಸ್ವಯಂಸೇವಕರು, ತರಬೇತಿಗೆ ಬಂದ ವಿದ್ಯಾರ್ಥಿನಿಯರು ಕೂಡ ಇದರ ರಕ್ಷಣೆಯಲ್ಲಿದ್ದಾರೆ.

ಆದರೆ ಸಮಿತಿ ಇದ್ದರೆ ಸಾಲದು. ಮಹಿಳಾ ಸಂಘಗಳ ಸಭೆ ರಾತ್ರಿ ಎಂಟಕ್ಕೆ ನಡೆಯುತ್ತದೆ, ಯಾಕಂದರೆ ಹೊಲದಿಂದ ಬಂದು, ರೊಟ್ಟಿ ಮಾಡಿ ಮುಗಿಸಿದ ಮೇಲೇ ಹೆಂಗಸರಿಗೆ ಬಿಡುವು. ಆಗ ನಿಮ್ಮ ಕಾರ್ಯಕರ್ತೆ ಮನೆಗೆ ಹೇಗೆ ಹೋಗಬೇಕು? ‘ಆರು ಗಂಟೆ ನಂತರ ಮಹಿಳೆಯರು ಫೀಲ್ಡ್‌ನಲ್ಲಿ ಇರಬಾರದು’ ಅಂತ ನಿಯಮ ಬರೆದು ಕೈ ತೊಳೆದುಕೊಳ್ಳಬಹುದು. ಹಾಗೆ ಮಾಡಿದರೆ ಸಭೆ ಮುಂದುವರಿಯುತ್ತದೆ, ಹೊಣೆ ಮಾತ್ರ ಅವಳ ತಲೆ ಮೇಲೆ ಬೀಳುತ್ತದೆ. ಇಬ್ಬರನ್ನು ಕಳಿಸುವುದು, ಗಾಡಿಗೆ ದುಡ್ಡು ಇಡುವುದು, ಊರಿನಲ್ಲೇ ಉಳಿಯಲು ಒಂದು ನಂಬಿಕೆಯ ಮನೆ ಗೊತ್ತು ಮಾಡುವುದು, ಮನೆ ತಲುಪಿದ ಮೇಲೆ ಫೋನ್ ಮಾಡಿಸಿಕೊಳ್ಳುವುದು. ಇವೆಲ್ಲ ಎಚ್‌ಆರ್ ಕೆಲಸವೇ. ಗಾಡಿ ದುಡ್ಡು ಮತ್ತೆ ಆ ಬಜೆಟ್ ಹಾಳೆಗೇ ಹೋಗಬೇಕು.

ಸಂಸ್ಥೆ ಶಾಲೆಗಳಲ್ಲಿ ಕೆಲಸ ಮಾಡುತ್ತದೆ ಅಂದಿರಿ. ಹಾಗಾದರೆ ಮಕ್ಕಳ ರಕ್ಷಣೆಯೂ ನಿಮ್ಮ ಮೇಜಿಗೆ ಬರುತ್ತದೆ. ಹೊಸಬರನ್ನು ತೆಗೆದುಕೊಳ್ಳುವಾಗ ಹಿಂದಿನ ಕಡೆ ವಿಚಾರಿಸದೆ ತೆಗೆದುಕೊಳ್ಳಬೇಡಿ, ಎಷ್ಟೇ ಅವಸರ ಇರಲಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಕೈಕೆಳಗಿನವರ ವಿಷಯದಲ್ಲಿ ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೂ ಜೈಲು. “ಸಂಸ್ಥೆಯ ಹೆಸರು ಹಾಳಾಗುತ್ತದೆ, ಒಳಗೇ ಬಗೆಹರಿಸೋಣ” ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ನೇಮಕಾತಿ ಬಗ್ಗೆ ಒಂದು ಮಾತು. ಈ ಎರಡೂ ಜಿಲ್ಲೆಗಳು 2018ರಲ್ಲಿ ಶುರುವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿವೆ. ಅಲ್ಲಿ ಕೆಲಸ ಮಾಡುವ ಸಂಸ್ಥೆಗಳು ಹಲವು, ಅನುಭವ ಇರುವ ಕಾರ್ಯಕರ್ತರು ಕೆಲವರೇ. ಎರಡು ಸಾವಿರ ಜಾಸ್ತಿಗೆ ಜನ ಬದಲಾಗುತ್ತಾರೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಇಂಗ್ಲಿಷ್‌ನಲ್ಲಿ ವರದಿ ಬರೆಯುವವರನ್ನೇ ಹುಡುಕಿದರೆ ಊರಿನ ಜನರೇ ಸಿಗುವುದಿಲ್ಲ. ತಾಂಡಾಗಳಲ್ಲಿ ಲಂಬಾಣಿ, ಗಡಿ ಕಡೆ ತೆಲುಗು, ಪೇಟೆಯಲ್ಲಿ ಉರ್ದು ಬರುವವರು ಬೇಕು. ಸಂದರ್ಶನವನ್ನು ಅವರ ತಾಲ್ಲೂಕಿನಲ್ಲೇ, ಅವರ ಕನ್ನಡದಲ್ಲೇ ಮಾಡಿ. ಆಫರ್ ಲೆಟರ್, ರಜೆ ನಿಯಮ, ದೂರು ಕೊಡುವ ಕ್ರಮ, ಎಲ್ಲ ಕನ್ನಡದಲ್ಲಿರಲಿ. ಬರೀ ಕೊಟ್ಟರೆ ಸಾಲದು, ಜೊತೆಗೆ ಕೂತು ಓದಿ ಹೇಳಿ. ಸಹಿ ಹಾಕಿ ಆರು ವರ್ಷವಾದರೂ ತಮಗೆ ಗಳಿಕೆ ರಜೆ ಇದೆ ಅಂತಲೇ ಗೊತ್ತಿಲ್ಲದವರನ್ನು ನಾನು ಕಂಡಿದ್ದೇನೆ.

ಪ್ರಾಜೆಕ್ಟ್ ಮುಗಿಯುವ ಕಾಲ ಬಹಳ ಕಷ್ಟದ್ದು. ಮಾರ್ಚ್ 31ಕ್ಕೆ ಮುಗಿಯುತ್ತದೆ ಅಂದರೆ ಜನವರಿಯಲ್ಲೇ ಎಲ್ಲರ ಮುಖದಲ್ಲಿ ಗೊತ್ತಾಗುತ್ತದೆ. ಮೇಲಿನವರು “ಇನ್ನೂ ಮಾತುಕತೆ ನಡೀತಿದೆ” ಅಂತ ಮಾರ್ಚ್ 25ರವರೆಗೂ ಹೇಳುತ್ತಿರುತ್ತಾರೆ. ಆಸೆಯಿಂದಲೇ ಹೇಳುತ್ತಾರೆ, ಮೋಸದಿಂದಲ್ಲ. ಆದರೂ ಕಡಿಮೆ ಎಂದರೆ 90 ದಿನ ಮುಂಚೆ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಫೋನ್‌ನಲ್ಲಿ ಅಲ್ಲ, ವಾಟ್ಸ್‌ಆಪ್ ಗುಂಪಿನಲ್ಲಂತೂ ಅಲ್ಲವೇ ಅಲ್ಲ. ಆ ದಿನ ಅನುಭವ ಪತ್ರ, ಪಿಎಫ್ ವರ್ಗಾವಣೆ, ಬಾಕಿ ಟಿಎ, ಪಕ್ಕದ ಸಂಸ್ಥೆಗಳಲ್ಲಿ ಖಾಲಿ ಇರುವ ಜಾಗಗಳ ಪಟ್ಟಿ ನಿಮ್ಮ ಕೈಯಲ್ಲಿರಲಿ.

ಇದು ಈಗ ಇನ್ನೂ ಮುಖ್ಯ ಯಾಕೆ ಅಂದರೆ, ಕಾನೂನಿನ ಒಂದು ಬಾಗಿಲು ಕಿರಿದಾಗಿದೆ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ‘ಕೈಗಾರಿಕೆ’ ಅನ್ನುವ ಪದಕ್ಕೆ ಬಹಳ ವಿಶಾಲ ಅರ್ಥ ಕೊಟ್ಟಿತ್ತು. ಲಾಭದ ಉದ್ದೇಶ ಇಲ್ಲದಿದ್ದರೂ, ಸಂಬಳ ಕೊಟ್ಟು ಜನರಿಂದ ವ್ಯವಸ್ಥಿತವಾಗಿ ಸೇವೆ ಕೊಡಿಸುತ್ತಿದ್ದರೆ ಅದೂ ಕೈಗಾರಿಕೆಯೇ ಆಗಬಹುದು ಅಂತ. ಕೆಲಸದಿಂದ ತೆಗೆದಾಗ ಎನ್‌ಜಿಒ ಸಿಬ್ಬಂದಿ ಕೈಗಾರಿಕಾ ವಿವಾದ ಕಾಯ್ದೆಯ ಕೆಳಗೆ ಕೇಳಲು ಅದೇ ಆಧಾರವಾಗಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ (ಮೇಲೆ ಹೇಳಿದ ನಾಲ್ಕರಲ್ಲಿ ಒಂದು), ಪೂರ್ತಿಯಾಗಿ ಅಥವಾ ಬಹುಪಾಲು ದಾನಧರ್ಮ, ಸಮಾಜಸೇವೆಯಲ್ಲಿ ತೊಡಗಿದ ಸಂಸ್ಥೆಗಳನ್ನು ‘ಕೈಗಾರಿಕೆ’ಯಿಂದ ಹೊರಗಿಟ್ಟಿದ್ದಾರೆ. ಹೊರಗಿನ ರಕ್ಷಣೆ ಕಡಿಮೆಯಾದಾಗ ಸಂಸ್ಥೆಯ ಒಳಗಿನ ನಿಯಮವೇ ಕಾರ್ಯಕರ್ತರಿಗೆ ಆಸರೆ. ನೋಟಿಸ್ ಎಷ್ಟು ದಿನ, ಮೇಲ್ಮನವಿ ಯಾರಿಗೆ, ಪರಿಹಾರ ಎಷ್ಟು ಅಂತ ನೀವು ಬರೆದಿಟ್ಟರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಕಂಪನಿಯಿಂದ ನೀವು ಏನು ತರಬಹುದು ಅಂತ ಕೇಳಿದರೆ, ಕಡತದ ಶಿಸ್ತು, ತಾರೀಖಿನ ಶಿಸ್ತು, ಗುಟ್ಟು ಕಾಪಾಡುವ ಅಭ್ಯಾಸ. ಮೂರೂ ಇಲ್ಲಿ ಬೇಕಾಗಿವೆ. ಐದು ದರ್ಜೆಗಳಲ್ಲಿ ಜನರನ್ನು ಹಂಚುವ ಮೌಲ್ಯಮಾಪನ ಪದ್ಧತಿಯನ್ನು ಮಾತ್ರ ತರಬೇಡಿ. ಒಂದು ಊರಿನಲ್ಲಿ ಶಾಲೆ ಬಿಟ್ಟ ಇಪ್ಪತ್ತು ಮಕ್ಕಳು ವಾಪಸ್ ಬಂದರು, ಇನ್ನೊಂದರಲ್ಲಿ ಮೂರೇ. ಆ ಎರಡನೇ ಊರಿನ ಅರ್ಧ ಮನೆಗಳು ದುಡಿಯಲು ಗುಳೆ ಹೋಗಿವೆ ಅನ್ನುವುದು ನಿಮ್ಮ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಸಂಬಳದ ವಿಷಯಕ್ಕೆ ಬರುತ್ತೇನೆ. ಕಡಿಮೆಯಾಗುತ್ತದೆ, ಅದನ್ನು ಮುಚ್ಚುಮರೆ ಇಲ್ಲದೆ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಸಾಲದ ಕಂತು ಜಾಸ್ತಿ ಇದ್ದರೆ ಎರಡು ವರ್ಷ ಬಿಟ್ಟು ಬನ್ನಿ, ಕೆಲಸ ಎಲ್ಲೂ ಹೋಗುವುದಿಲ್ಲ. ನಿಮ್ಮ ಸಂಬಳವನ್ನು ‘ಸೇವೆ’ಯ ಹೆಸರಿನಲ್ಲಿ ಇನ್ನಷ್ಟು ಇಳಿಸಲು ಹೊರಟರೆ ಒಪ್ಪಬೇಡಿ. ನಿಮ್ಮ ಹಕ್ಕನ್ನು ನೀವು ಕೇಳದಿದ್ದರೆ, ನಾಳೆ 140 ಜನರದ್ದನ್ನು ಹೇಗೆ ಕೇಳುತ್ತೀರಿ?

ಹೋಗಬಹುದಾ ಅಂತ ಕೇಳಿದ್ದೀರಿ. ಸಹಿ ಹಾಕುವ ಮುಂಚೆ ಎರಡು ಕೆಲಸ ಮಾಡಿ. ಮೊದಲು, ಒಂದು ದಿನ ಫೀಲ್ಡ್ ನೋಡಲು ಅವಕಾಶ ಕೇಳಿ. ಹೋದಾಗ ಊಟದ ಹೊತ್ತಿನಲ್ಲಿ ನಾಲ್ಕು ಜನರ ಜೊತೆ ಕೂತು, ಕಳೆದ ಟಿಎ ಬಿಲ್ ಯಾವಾಗ ಕೈಗೆ ಬಂತು ಅಂತ ವಿಚಾರಿಸಿ. ಆಮೇಲೆ ನಿರ್ದೇಶಕರನ್ನು ನೇರವಾಗಿ ಕೇಳಿ: “ಮುಂದಿನ ಪ್ರಸ್ತಾವನೆಯ ಬಜೆಟ್ ಮಾಡುವಾಗ ನಾನು ಜೊತೆಗೆ ಇರುತ್ತೇನಾ? ಬೇಕಾದಾಗ ಟ್ರಸ್ಟಿಗಳ ಜೊತೆ ಮಾತಾಡಬಹುದಾ?” ಎರಡಕ್ಕೂ ಹೌದು ಅಂದರೆ ಖಂಡಿತ ಹೋಗಿ. ಟಿಎ ಬಿಲ್ ತಡವಾಗಿದ್ದರೂ ಪರವಾಗಿಲ್ಲ, ಅದನ್ನು ನೀವು ಸರಿ ಮಾಡಬಹುದು. “ಬಜೆಟ್ ಎಲ್ಲ ಅಕೌಂಟ್ಸ್‌ನವರು ನೋಡಿಕೊಳ್ಳುತ್ತಾರೆ, ನೀವು ಜನರನ್ನು ಖುಷಿಯಾಗಿ ಇಟ್ಟರೆ ಸಾಕು” ಅಂದರೆ, ಅವರಿಗೆ ಬೇಕಿರುವುದು ಹಾಜರಿ ಪುಸ್ತಕ ನೋಡಿಕೊಳ್ಳುವವರು. ಅದಕ್ಕಾಗಿ ಈಗಿನ ಕೆಲಸ ಬಿಡಬೇಡಿ.